ಹುಂಡಿಗೆ ಹಾಕಿದ ಮಾತ್ರೆ

ಭಾವ,

ಪಾದಕ್ಕೆ ಶರಣು ಅಂತ ಶುರು ಮಾಡೋದು ನಮ್ಮಲ್ಲಿ ರೂಢಿ. ಈ ಸಲ ಮಾಡಲ್ಲ. ಮೊದಲು ಜಗಳ, ಶರಣು ಆಮೇಲೆ. ನೀವು ಬದುಕಿದ್ದಾಗಲೂ ನಮ್ಮಿಬ್ಬರ ಲೆಕ್ಕ ಹಾಗೇ ಇತ್ತಲ್ಲ?

ನಾಳೆ ನಿಮಗೆ ಎಡೆ ಇಡೋ ದಿನ. ನಾನು ಹೊನ್ನೂರಿಂದ ಒಂದು ಗೊನೆ ಎಳನೀರು ತಕಂಡು ಧನಗೆರೆಗೆ ಬಂದು, ನಿಮ್ಮ ಮನೆ ಜಗಲಿ ಮೇಲೆ, ನೀವು ಕೂರ್ತಿದ್ದ ಕಂಬಕ್ಕೇ ಒರಗಿ ಕೂತು ಇದನ್ನ ಬರೀತಿದ್ದೀನಿ. ಒಳಗೆ ಅಕ್ಕ ನಿಮ್ಮ ಫೋಟೊ ಒರೆಸ್ತಾ ಇದ್ದಾಳೆ. ನನ್ನ ಅಕ್ಷರ ನೋಡಿ, ಹೆಂಗದೆ? ಹೊನ್ನೂರು ಶಾಲೆ ಮೇಷ್ಟ್ರು ಇದೇ ಅಕ್ಷರವನ್ನ ಎಲ್ಲರಿಗೂ ತೋರಿಸಿ, ನಾಟಿ ಮಾಡಿದಂಗೆ ಸಾಲಾಗಿದೆ ಅಂತ ಹೊಗಳಿ, ಆಮೇಲೆ ಲೆಕ್ಕದಲ್ಲಿ ನನ್ನ ಫೇಲ್ ಮಾಡಿದ್ರು. ಅದಿರಲಿ. ವಿಷಯ ಏನು ಅಂದ್ರೆ, ನೀವು ಮಾದಪ್ಪನಿಗೆ ಕೊಟ್ಟು ಬಂದಿದ್ರಲ್ಲ ಒಂದು ವಸ್ತು, ಅದನ್ನ ನಾವು ವಾಪಸ್ ತಂದಿದ್ದೀವಿ. ಹೌದು, ನಿಮ್ಮನ್ನ ಕೇಳದೆ. ಈಗಲೇ ಮೀಸೆ ತಿರುವಬೇಡಿ, ಮೊದಲಿಂದ ಹೇಳ್ತೀನಿ.

ನೀವು ಮಾದಪ್ಪನ ಬೆಟ್ಟಕ್ಕೆ ನಡಕೊಂಡು ಹೋಗಿ ಬಂದ ಆ ಬೆಳಿಗ್ಗೆ ನನಗೆ ಕಣ್ಣಿಗೆ ಕಟ್ಟಿದಂಗಿದೆ. ತಲೆ ಬೋಳು, ಹಣೆ ತುಂಬ ವಿಭೂತಿ, ಕಾಲಲ್ಲಿ ಬೊಬ್ಬೆ. ಇದೇ ಜಗಲಿ ಮೇಲೆ ಕಾಲು ಚಾಚಿ, ದಾರೀಲಿ ಹೋಗೋರೆಲ್ಲ ನಿಂತು ಕೇಳೋ ಹಂಗೆ ಕೂಗಿದ್ರಿ:

"ಲೇ ಗುರುಮಲ್ಲ, ಈ ಸಲ ಮಾದಪ್ಪಂಗೆ ಏನ್ ಕೊಟ್ಟೆ ಏಳು ನೋಡನ?"

"ಮುಡಿ ಕೊಟ್ಟಿದ್ದೀರಲ್ಲ ಭಾವ. ತಲೆ ಒಳ್ಳೆ ಬೆಲ್ಲದ ಅಚ್ಚು ಆಗದೆ."

"ಮುಡಿ ಎಲ್ರೂ ಕೊಡ್ತಾರೆ ಕಣ್ಲಾ. ನಾನು ಬಿಪಿ ಮಾತ್ರೆ ಕೊಟ್ಬುಟ್ಟೆ. ಜೋಬಲ್ಲಿದ್ದ ಶೀಟು ಶೀಟೇ ಹುಂಡಿಗೆ ಆಕ್ಬುಟ್ಟೆ. ಇನ್ಮೇಲೆ ಅವನುಂಟು, ನನ್ ರಕ್ತ ಉಂಟು."

ಎಲ್ಲರೂ ನಕ್ಕರು. ನಾನೂ ಬಾಯಿ ಬಿಟ್ಟು ಕೇಳಿದೆ, ಹುಂಡಿ ಎಣಿಸೋರಿಗೆ ತಲೆನೋವು ಬಂದ್ರೆ ಉಪಯೋಗ ಆಯ್ತದಾ ಭಾವ, ಅಂತ. ನಗದೇ ಇದ್ದೋಳು ಒಬ್ಬಳೇ. ನಿಮ್ಮ ಮಗಳು. ರಾಮಾಪುರದ ಕಡೆ ಆಸ್ಪತ್ರೆಗೆ ಡ್ಯೂಟಿಗೆ ಹೊರಟು ನಿಂತಿದ್ದ ಶೋಭಾ ಬ್ಯಾಗು ಕೆಳಗಿಟ್ಟಳು. "ಅಪ್ಪ, ಓದ್ ತಿಂಗಳು ನಾರ್ಮಲ್ ಅಂತ ಏಳಿದ್ನಲ್ಲ, ಅದು ನಾರ್ಮಲ್ ಆಗಿದ್ದೇ ಮಾತ್ರೆಯಿಂದ. ಮಾತ್ರೆ ಬಿಟ್ರೆ ನಾರ್ಮಲ್ಲೂ ಬಿಟ್ಟೋಯ್ತದೆ" ಅಂದಳು. ನೀವೇನಂದ್ರಿ? ನೆನಪಿದೆಯಾ? "ನೀನು ಆಸ್ಪತ್ರೇಲಿ ನರ್ಸು. ಇಲ್ಲಿ ನನ್ ಮಗಳು. ಓಗು, ಬಸ್ ಓಯ್ತದೆ."

ಅವಳು ಸುಮ್ಮನಾಗಲಿಲ್ಲ. ಹೊಸ ಶೀಟು ತಂದಳು, ನೀವು ವಾಪಸ್ ಕೊಟ್ರಿ. ಮತ್ತೆ ತಂದಳು, ಮತ್ತೆ ವಾಪಸ್. ಬೆಟ್ಟದಲ್ಲಿ ಬಿಟ್ಟಿದ್ದನ್ನ ಬದುಕಿರೋ ತನಕ ಮುಟ್ಟಲ್ಲ ಅನ್ನೋದು ನಮ್ಮ ಮನೆಗಳ ನಡತೆ. ಎಲೆಅಡಿಕೆ ಬಿಟ್ಟೋರುಂಟು, ಬೀಡಿ ಬಿಟ್ಟೋರುಂಟು, ಬದನೇಕಾಯಿ ಬಿಟ್ಟ ನಮ್ಮ ದೊಡ್ಡಮ್ಮ ಒಬ್ಬಳಿದ್ದಳು. ಬಿಡೋಕೆ ಪ್ರಪಂಚದಲ್ಲಿ ಎಷ್ಟೊಂದು ಇತ್ತು ಭಾವ! ಉಪ್ಪಿನಕಾಯಿ ಬಿಡಬಹುದಿತ್ತು. ನನ್ನ ಮೇಲಿನ ಹೊಟ್ಟೆಕಿಚ್ಚು ಬಿಡಬಹುದಿತ್ತು. ಹೋಗಿ ಹೋಗಿ ಅದನ್ನೇ ಬಿಡಬೇಕಿತ್ತಾ?

ಕಾಫಿ ಲೋಟ ಕೈಯಿಂದ ಜಾರಿದ ಬೆಳಿಗ್ಗೆಯನ್ನ ನಾನು ಜಾಸ್ತಿ ಬರೆಯಲ್ಲ. ಅಕ್ಕ ಹೇಳಿದ್ದು ಇಷ್ಟು: ಮೊದಲು ಲೋಟ ಬಿತ್ತು, ಆಮೇಲೆ ಬಾಯಿ ಒಂದು ಕಡೆಗೆ ಎಳೀತು, ಅವಳ ಹೆಸರು ಕರೆಯೋಕೆ ಹೋಗಿ ಬೇರೇನೋ ಶಬ್ದ ಬಂತು. ಶೋಭಾ ಆಗಲೇ ಬಸ್ ಹತ್ತಿ ಹೋಗಿದ್ದಳು. ಬಂದೋರೆಲ್ಲ ವಾಯು ಅಂದ್ರು. ಎಣ್ಣೆ ತಿಕ್ಕಿದ್ರು. ಬಿಸಿಲೇರಲಿ, ಸರಿ ಹೋಯ್ತದೆ ಅಂದ್ರು. ಬಿಸಿಲೇರಿತು. ನಾನು ಹೊನ್ನೂರಿಂದ ಆಟೊ ಹಿಡಿದು ಬರೋ ಹೊತ್ತಿಗೆ ನಿಮ್ಮನ್ನ ಮೈಸೂರಿಗೆ ಸಾಗಿಸ್ತಾ ಇದ್ರು. ನೀವು ನನ್ನ ನೋಡಿದ್ರಿ. ಏನೋ ಬೈಯೋಕೆ ಬಂದ್ರಿ ಅಂತ ಕಾಣ್ತದೆ. ಬೈಗುಳ ಬಾಯಿಂದ ಆಚೆಗೆ ಬರಲಿಲ್ಲ. ಅವತ್ತಿಂದ ನನ್ನ ಸರಿಯಾಗಿ ಬೈಯೋ ಜನ ಈ ಮೂರು ತಾಲ್ಲೂಕಲ್ಲಿ ಯಾರೂ ಇಲ್ಲ, ಭಾವ. ಇದು ನನ್ನ ಮೊದಲನೇ ಸಿಟ್ಟು.

ನಿಮ್ಮ ಕಾರ್ಯ ಎಲ್ಲ ಮುಗಿದ ಮೇಲೆ ಬಂದ ಒಂದು ಭಾನುವಾರ ಶೋಭಾ ಏನು ಮಾಡಿದಳು ಗೊತ್ತಾ? ನಾವೆಲ್ಲ ಅವಳು ಮೂಲೆ ಹಿಡಿದು ಅಳ್ತಾಳೆ ಅಂದ್ಕೊಂಡಿದ್ವಿ. ಅವಳು ಈ ಜಗಲಿ ಗುಡಿಸಿ, ಎರಡು ಕುರ್ಚಿ ಹಾಕಿ, ಒಂದು ಬಿಪಿ ಮಿಷನ್ನು ತಂದಿಟ್ಟು ಕೂತಳು. ಯಾರು ಬೇಕಾದ್ರೂ ಬನ್ನಿ, ಭಾನುವಾರ ಭಾನುವಾರ ನೋಡ್ತೀನಿ ಅಂದಳು. ಮೊದಲನೇ ವಾರ ಬಂದಿದ್ದು ಒಂದು ಕೋಳಿ. ಎರಡನೇ ವಾರ ನಿಮ್ಮ ಗೆಣೆಕಾರ ಸಿದ್ದಪ್ಪ ಬಂದ. ತೋರಿಸೋಕಲ್ಲ. ಬೀದೀಲಿ ನಿಂತು, ಟವಲ್ಲು ಕೊಡವಿ ಹೆಗಲಿಗೆ ಹಾಕ್ಕೊಂಡು, "ಏನವ್ವ, ಎತ್ತ ಅಪ್ಪನ್ನೇ ಉಳಿಸ್ಕಳಕ್ಕಾಗ್ನಿಲ್ಲ ನಿನ್ ಕೈಲಿ, ನಮ್ಮನ್ನ ಉಳಿಸ್ಬುಟ್ಟೀಯಾ?" ಅಂದ.

ನಾನು ಕೋಲು ಹುಡುಕೋಕೆ ಎದ್ದೆ. ಶೋಭಾ ಮಾತ್ರ ಕೂತ ಕಡೆಯಿಂದ ಅಲ್ಲಾಡಲಿಲ್ಲ. "ಉಳಿಸ್ಕಳಕ್ಕಾಗ್ನಿಲ್ಲ ಸಿದ್ದಪ್ಪಣ್ಣ. ಅದ್ಕೇ ಕೂತಿರದು. ತೋಳು ಕೊಡು ಇಲ್ಲಿ" ಅಂದಳು. ಬೀದಿ ಎಲ್ಲ ನೋಡ್ತಿತ್ತು. ಆ ಮನುಷ್ಯ ಹೋಗೋಕೂ ಆಗದೆ ನಿಲ್ಲೋಕೂ ಆಗದೆ ಕೊನೆಗೆ ಬಂದು ತೋಳು ಕೊಟ್ಟ. ಇವತ್ತು ಅವನೇ ಮಾತ್ರೆ ಮುಗಿಯೋಕೆ ಮುಂಚೆ ಬಂದು ಕೂಗ್ತಾನೆ, "ಶೋಭವ್ವಾ, ಮುಗೀತಾ ಬಂತು, ಓಗಿ ತತ್ತೀನಿ" ಅಂತ. ನೀವು ಇದ್ದಿದ್ರೆ ಇದನ್ನ ನಂಬ್ತಿದ್ರಾ?

ನನ್ನ ಸರದಿ ಬಂದಿದ್ದು ಅದಾದ ಮುಂದಿನ ವಾರ. ನಾನು ತೋರಿಸ್ಕೊಳ್ಳೋಕೆ ಬಂದೋನಲ್ಲ, ಬಂದೋರ ಮುಂದೆ ನನ್ನ ಮೈಕಟ್ಟು ತೋರಿಸೋಕೆ ಬಂದೋನು. ತೆಂಗಿನ ಮರ ಹತ್ತೋನಿಗೆ ಯಾವ ಬಿಪಿ ಅಂತ ತೋಳು ಚಾಚಿದೆ. ಪಟ್ಟಿ ಬಿಗಿಯೋವಾಗ, ನನ್ನ ಕಬ್ಬಿನ ಇಳುವರಿ ಈ ಸಲ ಎಷ್ಟು ಅಂತ ಪಕ್ಕದೋರಿಗೆ ಹೇಳ್ತಾ ಇದ್ದೆ. ಅವಳು ಪಟ್ಟಿ ಬಿಚ್ಚಿಬಿಟ್ಟಳು.

"ಮಾವ, ಬಾಯಿ."

"ಬಾಯಿಗೂ ತೋಳಿಗೂ ಏನವ್ವ ಸಂಬಂಧ?"

"ಮಾತಾಡ್ತಿದ್ರೆ ಏರಿ ತೋರಿಸ್ತದೆ. ಬರೋವಾಗ ಕಾಫಿ ಕುಡಿದ್ಯಾ? ಬೀಡಿ ಸೇದಿದ್ಯಾ? ಎರಡೂ? ಸರಿ, ಓಗು, ಒಂದ್ ಅರ್ಧ ಗಂಟೆ ಬಿಟ್ಕೊಂಡು ಬಾ. ಬಂದು ಬೆನ್ನು ಒರಗಿಸು. ಕಾಲ್ ಮೇಲೆ ಕಾಲ್ ಆಕ್ಬೇಡ, ನೆಲಕ್ಕೆ ಊರು. ತೋಳು ಈ ಮೇಜಿನ ಮೇಲೆ ಇಡು, ಎದೆ ಮಟ್ಟಕ್ಕೆ. ಐದು ನಿಮಿಷ ಬಾಯಿ ಮುಚ್ಕಂಡಿರು."

ಐದು ನಿಮಿಷ! ನಾನು ಹುಟ್ಟಿದ ಮೇಲೆ ಎಚ್ಚರವಾಗಿರೋವಾಗ ಅಷ್ಟು ಹೊತ್ತು ಸುಮ್ಮನಿದ್ದಿಲ್ಲ, ಅದು ನಿಮಗೇ ಗೊತ್ತು. ಇದ್ದೆ, ಭಾವ. ಇದ್ದು ತೋರಿಸಿದೆ. ಆದ್ರೂ ಮಿಷನ್ನು ಹೆಚ್ಚೇ ತೋರಿಸ್ತು. ಒಂದು ದಿನದ ಲೆಕ್ಕ ಸಾಲದು ಅಂತ ಎರಡು ವಾರ ಬಿಟ್ಟು ಬಿಟ್ಟು ನೋಡಿದಳು. ಹೆಚ್ಚೇ. ಡಾಕ್ಟರ ಹತ್ತಿರ ಕಳಿಸಿದಳು, ಮಾತ್ರೆ ಬರೆದ್ರು. ನನಗೆ ತಲೆ ಸುತ್ತಿಲ್ಲ, ಕಣ್ಣು ಮಂಜಿಲ್ಲ, ಏನೂ ಇಲ್ಲವಲ್ಲ ಅಂದ್ರೆ, "ಅದ್ಕೇ ಮಾವ ಇದು ಕಳ್ಳ. ಬಾಗಿಲು ತಟ್ಟಿ ಬರಲ್ಲ. ಮೆದುಳು, ಹೃದಯ, ಮೂತ್ರಪಿಂಡ, ಕಣ್ಣು ಎಲ್ಲಾದಕ್ಕೂ ಒಳಗೊಳಗೇ ಕನ್ನ ಕೊರೀತದೆ" ಅಂದಳು. ನಾನು ದಿನಾ ತಕೊತೀನಿ. ಹೆದರಿ ಅಲ್ಲ. ನೀವು ಸೋತ ಕಡೆ ನಾನು ಗೆಲ್ಲಬೇಕು ಅಂತ. ಚೌಕಾಬಾರ ಆಡೋವಾಗಿಂದ ನಂದು ಅದೊಂದೇ ಆಸೆ.

ಅಕ್ಕನ ತೋಳಿಗೆ ಪಟ್ಟಿ ಕಟ್ಟಿದ ದಿನ ಜಗಲೀಲಿ ಯಾರೂ ನಗಲಿಲ್ಲ. ಮೇಲಿನ ಅಂಕಿ ನೂರೆಂಬತ್ತು ದಾಟಿತ್ತು. ಶೋಭಾ ಮುಖದಲ್ಲಿ ಏನೂ ತೋರಿಸಲಿಲ್ಲ, ಅದು ಅವಳ ಕೆಲಸದ ಅಭ್ಯಾಸ. ಇನ್ನೊಂದು ತೋಳಿಗೆ ಕಟ್ಟಿದಳು. ಅದೇ. ಅವತ್ತೇ ಕೊಳ್ಳೇಗಾಲಕ್ಕೆ ಕರಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು, ರಕ್ತ ಮೂತ್ರ ಎಲ್ಲ ಪರೀಕ್ಷೆ ಮಾಡಿಸಿದಳು, ಮಾತ್ರೆ ತಂದು ಅಕ್ಕನ ಅಂಗೈಲಿ ಇಟ್ಟಳು. ಅಕ್ಕ ಅಂಗೈಯನ್ನ ಹಾಗೇ ಬಗ್ಗಿಸಿ ಮಾತ್ರೆಯನ್ನ ಮೇಜಿನ ಮೇಲೆ ಬೀಳಿಸಿ ಎದ್ದು ಹೋದಳು.

ಯಾಕೆ ಅಂತ ಹೇಳಲಾ? ನಿಮ್ಮಿಂದ. "ಅವರು ಮಾದಪ್ಪಂಗೆ ಬಿಟ್ಟಿದ್ದು ಕಣ್ಲಾ ಅದು. ಅವರು ಬಿಟ್ಟಿದ್ದನ್ನ ಅವರ ಮನೇಲಿ ಕೂತು ನಾನು ನುಂಗನಾ? ನುಂಗಿ ಯಾವ್ ಮಕ ಒತ್ಕಂಡು ಅವರ್ ಮುಂದೆ ನಿಂತ್ಕಳ್ಳಿ?" ಶೋಭಾ ಅದು ಬೇರೆ ಮಾತ್ರೆ, ಹೆಸರೇ ಬೇರೆ ಅಂದಳು. "ಎಸರು ಯಾವ್ದಾದ್ರೇನು, ಬಿಪಿದು ತಾನೆ?" ಅಂದಳು ಅಕ್ಕ. ಭಾವ, ನೀವು ಹುಂಡಿಗೆ ಹಾಕಿದ್ದು ನಿಮ್ಮೊಬ್ಬರ ಮಾತ್ರೆ ಅಂದ್ಕೊಂಡ್ರಿ. ಅಲ್ಲ. ನನ್ನ ಅಕ್ಕನದನ್ನೂ ಸೇರಿಸಿ ಹಾಕಿದ್ರಿ. ಇದು ಎರಡನೇ ಸಿಟ್ಟು, ದೊಡ್ಡದು. ಅವಳನ್ನ ಕೇಳಿದ್ರಾ? ನನ್ನ ಕೇಳಿದ್ರಾ? ಮದುವೇಲಿ ಧಾರೆ ಎರೆಯೋವಾಗ ಇಷ್ಟುದ್ದ ಮಾತು ಕೊಟ್ಟಿದ್ರಿ, ಚೆನ್ನಾಗಿ ನೋಡ್ಕೋತೀನಿ ಅಂತ...

ಇರಲಿ.

ಬಾಳೆಹಣ್ಣಿನ ಉಪಾಯ ನನ್ನದು. ಹಸುವಿಗೆ ಔಷಧ ಕೊಡೋವಾಗ ನಾವು ಮಾಡ್ತೀವಲ್ಲ, ಹಾಗೆ. ಒಂದು ರಸಬಾಳೆ ಸೀಳಿ, ನಡುವೆ ಮಾತ್ರೆ ಇಟ್ಟು, ತಕೊ ಅಕ್ಕ ನಮ್ಮ ತೋಟದ್ದು ಅಂತ ಕೊಟ್ಟೆ. ತಿಂದಳು. ಗೊತ್ತಾಗಲಿಲ್ಲ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು ಶೋಭಾಗೆ ಹೇಳಿದ್ರೆ, ಹೊಗಳ್ತಾಳೆ ಅಂದ್ಕೊಂಡ್ರೆ, ಅವಳು ನನ್ನ ಕೊಟ್ಟಿಗೆ ಹಿಂದಕ್ಕೆ ಎಳಕೊಂಡು ಹೋಗಿ ಉಗಿದಳು.

"ಅವ್ವ ಏನ್ ಅಸುನಾ ಮಾವ? ಈ ಮಾತ್ರೆ ದಿನಾ ತಕಬೇಕು, ಸಾಯೋಗಂಟ. ಅಷ್ಟು ದಿನ ಬಾಳೇಹಣ್ಣಲ್ಲಿ ಬಚ್ಚಿಡ್ತೀಯಾ? ಒಂದಿನ ಗೊತ್ತಾದ್ರೆ ನಿನ್ ಕೈಯಿಂದ ನೀರೂ ಕುಡಿಯಲ್ಲ, ನನ್ನ ಆಸ್ಪತ್ರೇನೂ ನಂಬಲ್ಲ. ಅವಳೇ ಕೈ ಚಾಚ್ಬೇಕು. ಅವಳೇ ನುಂಗ್ಬೇಕು. ಅದಾಗೋಗಂಟ ನನ್ ಕೆಲಸ ಮುಗಿಯಲ್ಲ."

ಬಾಳೆಹಣ್ಣು ಒಳ್ಳೆ ಉಪಾಯ ಅಂತ ನಾನು ಈಗಲೂ ಹೇಳ್ತೀನಿ. ಆದ್ರೆ ನಿಲ್ಲಿಸಿದೆ. ಅವಳ ಕಣ್ಣು ಆಗ ಥೇಟ್ ನಿಮ್ಮ ಕಣ್ಣೇ ಆಗಿತ್ತು.

ಆಮೇಲೆ ಅವಳು ಹಿಡಿದ ದಾರಿ ನೋಡಿ. ಅಕ್ಕನ ಜೊತೆ ದೇವರ ವಿಷಯ ಎತ್ತಲೇ ಇಲ್ಲ. ಅವಳ ಅಡುಗೆಮನೆಗೆ ಹೋದಳು. ನೀವು ಉಪ್ಪೆಸರು ಮುದ್ದೆಗೆ ಪ್ರಾಣ ಬಿಡ್ತಿದ್ರಿ, ಆ ಸೊಪ್ಪು ಕಾಳು ಬಸಿದ ಎಸರಿಗೆ ಅಕ್ಕ ಹಾಕ್ತಿದ್ದ ಉಪ್ಪೋ, ಕೈ ತುಂಬ. ಶೋಭಾ ಮುದ್ದೆ ಬಿಡು ಅನ್ನಲಿಲ್ಲ, ಎಸರು ಬಿಡು ಅನ್ನಲಿಲ್ಲ. ಉಪ್ಪಿನ ಡಬ್ಬಿಗೆ ಒಂದು ಚಿಕ್ಕ ಚಮಚ ಹಾಕಿಟ್ಟು, "ಅವ್ವ, ಕೈಲಿ ಬೇಡ, ಇದ್ರಲ್ಲಿ ಆಕು. ಸಪ್ಪೆ ಅನ್ನಿಸಿದ್ರೆ ನಿಂಬೆಹಣ್ಣು ಇಂಡ್ಕೊ, ಬೆಳ್ಳುಳ್ಳಿ ಇನ್ನೊಂದೆರಡು ಜಜ್ಜು" ಅಂದಳು. ಉಪ್ಪಿನಕಾಯಿ ಜಾಡಿಯನ್ನ ಅಟ್ಟದ ಮೇಲೆ ಇಟ್ಟಳು. ನಾನು ಊಟಕ್ಕೆ ಕೂತು ಮುಖ ಸಿಂಡರಿಸಿದೆ. ಅಕ್ಕ ನನ್ನ ಕಡೆ ನೋಡಿ, "ತಿನ್ನು ಬಡಾಯಿ, ತಿಂದು ಎದ್ದೇಳು" ಅಂದಳು. ಅವಳ ಬಾಯಲ್ಲಿ ನಗು ಕಂಡು ಎಷ್ಟೋ ತಿಂಗಳಾಗಿತ್ತು.

ಹೆಬ್ಬೆಟ್ಟಿನ ಗುಳಿ ಕಂಡ ದಿನ ಮಾತ್ರ ನನ್ನ ಬಡಾಯಿ ಎಲ್ಲ ಇಳೀತು. ಅಕ್ಕ ಕಾಲುಚೈನು ಬಿಗಿ ಆಯ್ತಾದೆ ಅಂತ ಬಿಚ್ಚೋಕೆ ಒದ್ದಾಡ್ತಿದ್ದಳು. ಶೋಭಾ ನೆಲದ ಮೇಲೆ ಕೂತು, ಅವಳ ಕಾಲನ್ನ ತನ್ನ ತೊಡೆ ಮೇಲೆ ಇಟ್ಕೊಂಡು, ಕಣಕಾಲಿನ ಮೇಲೆ ಹೆಬ್ಬೆಟ್ಟು ಒತ್ತಿ ಹಿಡಿದು ಬಿಟ್ಟಳು. ಗುಳಿ ಬಿತ್ತು. ಹಸಿ ಮಣ್ಣಲ್ಲಿ ಬಿದ್ದಂಗೆ. ನಾನು ಆ ಗುಳಿ ಏಳ್ತದೆ ಏಳ್ತದೆ ಅಂತ ನೋಡ್ತಾನೇ ಇದ್ದೆ. ಏಳಲಿಲ್ಲ. ನೀರು ತುಂಬಿದೆ, ಮೂತ್ರಪಿಂಡದ ಪರೀಕ್ಷೆ ಮತ್ತೆ ಮಾಡಿಸಬೇಕು, ಇನ್ನು ತಡ ಮಾಡಿದ್ರೆ... ಅಂತ ಹೇಳಿ ಅವಳು ನಿಲ್ಲಿಸಿದಳು. ಕಾಲು ತೊಡೆ ಮೇಲೇ ಇತ್ತು. ಅವತ್ತು ಒಂದು ಕ್ಷಣ ಅವಳು ನರ್ಸಲ್ಲ, ನಿಮ್ಮ ಮಗಳು. ಅಳಲಿಲ್ಲ. ಆದ್ರೆ ಆ ಚೈನನ್ನ ಬಿಚ್ಚೋಕೆ ಅವಳ ಬೆರಳಿಗೆ ಆಗ್ತಾನೇ ಇರಲಿಲ್ಲ.

ನಾನು ಎದ್ದು ನಿಂತೆ. "ಅಕ್ಕ, ಭಾವ ಹುಂಡಿಗೆ ಆಕುದ್ರು, ಸರಿ. ಮಾದಪ್ಪ ಈಸ್ಕಂಡ ಅಂತ ನಿಂಗೆ ಯಾರೇಳಿದ್ದು?"

"ಏನ್ ಮಾತು ಅಂತ ಆಡ್ತೀಯಾ!"

"ಕೊಟ್ಟಿದ್ದೆಲ್ಲ ದೇವರು ಈಸ್ಕಬೇಕು ಅಂತ ಕಾನೂನು ಉಂಟಾ? ಬಾ, ಬೆಟ್ಟಕ್ಕೋಗನ. ಅವನನ್ನೇ ಕೇಳನ. ಬೇಡ ಅಂತ ಅವನಂದ್ರೆ ನಾನು ಇನ್ನು ಬಾಯಿ ಬಿಡಲ್ಲ."

ನಾನು ಬಾಯಿ ಬಿಡಲ್ಲ ಅಂದಿದ್ದಕ್ಕೇ ಅಕ್ಕ ಒಪ್ಪಿದಳು ಅಂತ ಶೋಭಾ ಇವತ್ತಿಗೂ ಹೇಳ್ತಾಳೆ. ಅಕ್ಕ ಅರಿಶಿನದ ಬಟ್ಟೇಲಿ ಒಂದು ನಾಣ್ಯ ಕಟ್ಟಿ ತಪ್ಪುಕಾಣಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಪ್ಪು ಯಾರದು ಅಂತ ನಾನು ಕೇಳಲಿಲ್ಲ. ನಿಮ್ಮದೇ, ಇನ್ಯಾರದು?

ಅಮಾವಾಸ್ಯೆ ಹಿಂದಿನ ದಿನ ಬೆಳಿಗ್ಗೆ ನಾನು ಅಕ್ಕ ಕೊಳ್ಳೇಗಾಲದಲ್ಲಿ ಬೆಟ್ಟದ ಬಸ್ ಹತ್ತಿದ್ವಿ. ಹನೂರು ದಾಟಿದ ಮೇಲೆ ರಸ್ತೆ ಉದ್ದಕ್ಕೂ ನಡ್ಕೊಂಡು ಹೋಗೋ ಜನ. ಉಘೇ ಮಾದಪ್ಪ ಅಂತ ಬಸ್ಸೊಳಗಿಂದ ನಾನೂ ಕೂಗಿದೆ, ನನ್ನ ಗಂಟಲಿಗೆ ಡ್ರೈವರೇ ತಿರುಗಿ ನೋಡಿದ. ರಾಮಾಪುರದಲ್ಲಿ ಬಸ್ ಟೀ ಕುಡಿಯೋಕೆ ನಿಂತಿತು. ಸ್ಟಾಪಿನ ಪಕ್ಕ ಸೋಗೆ ಚಪ್ಪರ. ಅದರೊಳಗೆ ಬಿಳಿ ಕೋಟು ಹಾಕಿ ನಿಮ್ಮ ಮಗಳು. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ ಭಾವ, ಪಾದಯಾತ್ರೆ ಜನ ಬರೋ ದಿನಗಳಲ್ಲಿ ಆಸ್ಪತ್ರೆಯೋರು ಅಲ್ಲಿ ಕೂರ್ತಾರೆ ಅಂತ. ಅದನ್ನ ಕೇಳಿ ಕೇಳಿ ಮಾಡಿಸಿದ್ದು ಇವಳೇ ಅಂತ ಆಮೇಲೆ ತಿಳೀತು.

ಅಕ್ಕ ಬಸ್ಸಿಂದ ಇಳಿದು ಚಪ್ಪರದ ಕಂಬದ ಹಿಂದೆ ನಿಂತಳು. ನಡೆದು ಬಂದೋರನ್ನ ಶೋಭಾ ಬೆಂಚಿನ ಮೇಲೆ ಕೂರಿಸಿ, ದಣಿವಾರಿಸಿ, ಆಮೇಲೆ ಪಟ್ಟಿ ಕಟ್ತಿದ್ದಳು. ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ: "ಮಾತ್ರೆ ತಕತೀರಾ? ಎಲ್ಲಿ, ತೋರ್ಸಿ." ಕಾಡಂಚಿನ ಊರಿನ ಒಬ್ಬ ಮುದುಕಿ, ಅರ್ಧ ತಮಿಳು ಅರ್ಧ ಕನ್ನಡ, ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ವಿಭೂತಿ ಉಂಡೆ. ಅದರ ಪಕ್ಕ, ಅದೇ ಬಟ್ಟೇಲಿ, ಮಾತ್ರೆ ಶೀಟು. "ಇದೋ ಇರ್ಕು ಕಣ್ಣು! ನೀ ಏಳಿದಂಗೇ ಕಟ್ಟಿವ್ನಿ. ಮಾದಪ್ಪನ್ನ ಮರ್ತೇನು, ಇದ ಮರೆಯಾಕಿಲ್ಲ." ಪಕ್ಕದಲ್ಲಿದ್ದ ಗಂಡಸು ತನ್ನ ಗಂಟು ಬಿಚ್ಚಿದ. ಅಲ್ಲೂ ವಿಭೂತಿ, ಅಲ್ಲೂ ಮಾತ್ರೆ. ಹೊಸಬನೊಬ್ಬ, ನಿಮ್ಮ ಥರದೋನೇ, "ಬೆಟ್ಟಕ್ಕೋಯ್ತಾ ಮಾತ್ರೆ ಯಾಕವ್ವ, ಅವನು ನೋಡ್ಕತಾನೆ" ಅಂದ.

ಶೋಭಾ ಪಟ್ಟಿ ಕಟ್ತಾ ಕಟ್ತಾನೇ ಅಂದಳು: "ನಮ್ಮಪ್ಪನೂ ಇಂಗೇ ಅಂದ್ರು ಅಣ್ಣ. ಇದೇ ದಾರೀಲಿ ಓಗಿ ಹುಂಡಿಗೆ ಆಕ್ಬುಟ್ರು. ಅವರಿಲ್ಲ ಈಗ. ನೀವು ಮುಡಿ ಕೊಡಿ, ಬೆಲ್ಲ ಕೊಡಿ, ಏನಾರಾ ಕೊಡಿ. ಇದನ್ನ ವಿಭೂತಿ ಜೊತೆ ಕಟ್ಕಳ್ಳಿ. ಓಗೋವಾಗ ತಕಳಿ, ಬರೋವಾಗ ತಕಳಿ, ಮನೇಲೂ ತಕಳಿ. ಬಾಯಿ ಸೊಟ್ಟಗಾದ್ರೆ, ಕೈ ಬಿದ್ದೋದ್ರೆ, ಮಾತು ತೊದಲಿದ್ರೆ ಎಣ್ಣೆ ತಿಕ್ಕೋಕೆ ಕೂರ್ಬೇಡಿ, ಒಂದ್ ಗಳಿಗೆ ಕಾಯ್ಬೇಡಿ, ಆಂಬುಲೆನ್ಸ್ ಕರೀರಿ."

ಹೇಳಿ ಮುಗಿಸಿ ಮುಂದಿನೋರ ತೋಳಿಗೆ ಪಟ್ಟಿ ಕಟ್ಟಿದಳು, ಭಾವ. ದಿನಕ್ಕೆ ಎಷ್ಟು ಸಲ ಹೇಳ್ತಾಳೋ ಏನೋ. ಎಷ್ಟು ಜನರ ಮುಂದೆ ತನ್ನ ಅಪ್ಪನನ್ನ ಮತ್ತೆ ಮತ್ತೆ... ನಾನು ಅಕ್ಕನ ಮುಖ ನೋಡೋಕೆ ಹೋಗಲಿಲ್ಲ. ಬಸ್ ಹಾರನ್ ಹೊಡೀತು. ಅಕ್ಕ ಮಗಳನ್ನ ಮಾತಾಡಿಸದೇನೇ ಹತ್ತಿದಳು. ಬೆಟ್ಟದ ತಿರುವುಗಳಲ್ಲೆಲ್ಲ ಕಿಟಕಿ ಕಡೆಗೇ ಮುಖ.

ಹುಂಡಿ ಮುಂದೆ ಅಕ್ಕ ನಿಂತಳು. ನಿಮ್ಮ ಹುಂಡಿ. ನಾನು ಮಾದಪ್ಪನಿಗೆ ಹೇಳೋಕೆ ಒಳ್ಳೆ ಭಾಷಣ ರೆಡಿ ಮಾಡ್ಕೊಂಡಿದ್ದೆ, ಹನೂರಿಂದಲೇ ಬಾಯಿಪಾಠ. ಅಕ್ಕ ಕೈ ಎತ್ತಿ ನನ್ನ ಸುಮ್ಮನಿರಿಸಿದಳು. ಸೊಂಟದಿಂದ ಅರಿಶಿನದ ಗಂಟು ತೆಗೆದು, ಕಣ್ಣಿಗೆ ಒತ್ತಿಕೊಂಡು, ಗಟ್ಟಿಯಾಗೇ ಅಂದಳು:

"ಮಾದಪ್ಪ, ಅವರು ಕೊಟ್ಟಿದ್ದು ಅವರ್ದು. ಅದನ್ನ ನೀನೇ ಇಟ್ಕೊ. ನನ್ ಪಾಲ್ದು ನಾನ್ ಕೊಟ್ಟಿರ್ನಿಲ್ಲ. ನಾನ್ ತಕಂಡೋಯ್ತೀನಿ. ಮಗಳು ಊರೋರ್ ಮುಂದೆಲ್ಲ ಅಪ್ಪ ಸತ್ತಿದ್ದ ಏಳ್ತಾವಳೆ. ಅವ್ವ ಸತ್ತಿದ್ದೂ ಏಳೋ ಅಂಗೆ ನಾನ್ ಮಾಡಲ್ಲ."

ಗಂಟು ಹುಂಡಿಗೆ ಬಿತ್ತು. ನಾಣ್ಯದ ಸದ್ದು ಕೇಳಿಸ್ತು. ಹಿಂದೆ ನಿಂತಿದ್ದೋರು ಮುಂದಕ್ಕೆ ನಡೀರಿ ಅಂತ ತಳ್ಳಿದ್ರು. ಮಾದಪ್ಪ ಬೇಡ ಅನ್ನಲಿಲ್ಲ. ನಾನು ಕಿವಿ ಕೊಟ್ಟು ಕೇಳ್ತಾ ಇದ್ದೆ, ನನ್ನಾಣೆ, ಏನೂ ಅನ್ನಲಿಲ್ಲ.

ವಾಪಸ್ ಬರೋವಾಗ ರಾಮಾಪುರದಲ್ಲಿ ಅಕ್ಕ ಬಸ್ ನಿಲ್ಲೋ ಮುಂಚೆನೇ ಎದ್ದು ಬಾಗಿಲಿಗೆ ಹೋದಳು. ಚಪ್ಪರಕ್ಕೆ ನುಗ್ಗಿ, ಸಾಲಲ್ಲಿ ಕೂತಿದ್ದೋರನ್ನೆಲ್ಲ ದಾಟಿ, ಮಗಳ ಮುಂದೆ ಅಂಗೈ ಚಾಚಿದಳು. ಶೋಭಾ ತಲೆ ಎತ್ತಿ ನೋಡಿದಳು. ಅವಳ ಮುಖ ನೀವು ನೋಡಬೇಕಿತ್ತು. ಆಮೇಲೆ ಏನಂದಳು ಗೊತ್ತಾ, ನಿಮ್ಮ ಮಗಳು? "ಅವ್ವ, ಸಾಲಲ್ಲಿ ಬಾ. ಕೂತ್ಕೊ. ಬೆನ್ನು ಒರಗಿಸು. ಮೊದ್ಲು ನೋಡ್ತೀನಿ." ಅಕ್ಕ ಸಾಲಿಗೆ ಹೋಗಿ, ಆ ತಮಿಳು ಮುದುಕಿ ಕೂತಿದ್ದ ಬೆಂಚಿನ ಮೇಲೆ ಕೂತು, ಕಾಲು ನೆಲಕ್ಕೆ ಊರಿ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ಇಳೀತಿತ್ತು, ಬಾಯಿ ಮಾತ್ರ ಬಿಡಲಿಲ್ಲ. ಶೋಭಾ ಬ್ಯಾಗಲ್ಲಿ ಅಕ್ಕನ ಮಾತ್ರೆ ಶೀಟು ಇತ್ತು. ದಿನಾ ಇಟ್ಕೊಂಡೇ ಓಡಾಡ್ತಿದ್ದಳಂತೆ.

ಅವತ್ತಿಂದ ಇವತ್ತಿನ ತನಕ ಅಕ್ಕ ತಪ್ಪಿಸಿಲ್ಲ. ಬೆಳಿಗ್ಗೆ ವಿಭೂತಿ ಇಟ್ಕೊಂಡ ಕೈಯಲ್ಲೇ ಮಾತ್ರೆ. ಮೊದಮೊದಲು ಎದ್ದು ನಿಂತ್ರೆ ತಲೆ ಹಗುರ ಅಂದಳು. ಬಿಟ್ಟುಬಿಡಲಿಲ್ಲ, ಮಗಳಿಗೆ ಹೇಳಿದಳು, ಡಾಕ್ಟರು ಪ್ರಮಾಣ ಬದಲಾಯಿಸಿದ್ರು. ಬಿಪಿ ಇಳಿದಿದೆ. ಮೂತ್ರಪಿಂಡ ಪೂರಾ ಮೊದಲಿನಂಗೆ ಆಗಿಲ್ಲ, ಸುಳ್ಳು ಹೇಳಲ್ಲ. ಅದನ್ನ ಆಗಾಗ ನೋಡ್ತಾ ಇರಬೇಕು. ಆದ್ರೆ ಹೆಬ್ಬೆಟ್ಟು ಒತ್ತಿದ್ರೆ ಗುಳಿ ಬೀಳಲ್ಲ ಈಗ. ಕಾಲುಚೈನು ಮತ್ತೆ ಹಾಕ್ಕೊಂಡಿದ್ದಾಳೆ, ಒಳಗೆ ಓಡಾಡೋ ಸದ್ದು ನನಗೆ ಇಲ್ಲಿಗೇ ಕೇಳಿಸ್ತಾ ಇದೆ. ಭಾನುವಾರ ಜಗಲೀಲಿ ಜನರನ್ನ ಕೂರಿಸೋದು ಅವಳ ಕೆಲಸ, ಐದು ನಿಮಿಷ ಯಾರೂ ಮಾತಾಡದಂಗೆ ನೋಡ್ಕೊಳ್ಳೋದು ನನ್ನ ಕೆಲಸ. ನಗಬೇಡಿ. ಇಡೀ ಧನಗೆರೇಲಿ ಆ ಕೆಲಸಕ್ಕೆ ನನ್ನಷ್ಟು ಯೋಗ್ಯ ಇನ್ನೊಬ್ಬ ಇಲ್ಲ ಅಂತ ನಿಮ್ಮ ಮಗಳೇ ಸರ್ಟಿಫಿಕೇಟು ಕೊಟ್ಟಿದ್ದಾಳೆ.

ಈಗ ನಾಳೆ ವಿಷಯ. ಎಡೆಗೆ ಬನ್ನಿ. ಉಪ್ಪೆಸರು ಮುದ್ದೆ ಇರ್ತದೆ, ಉಪ್ಪು ಆ ಚಿಕ್ಕ ಚಮಚದ ಅಳತೇಲಿ. ಉಪ್ಪಿನಕಾಯಿ ಕೇಳಬೇಡಿ, ಜಾಡಿ ಇನ್ನೂ ಅಟ್ಟದ ಮೇಲೇ ಇದೆ. ಬಂದ ತಕ್ಷಣ ಎಲೆಗೆ ಕೈ ಹಾಕೋ ಹಾಗೂ ಇಲ್ಲ. ಮೊದಲು ಈ ಕಂಬಕ್ಕೆ ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ, ಬಾಯಿ ಮುಚ್ಚಿಕೊಂಡು ಕೂರಬೇಕು. ಈ ಮನೇಲಿ ಈಗ ನಿಮ್ಮ ಮಗಳ ಕಾನೂನು. ಅವಳು ಆಸ್ಪತ್ರೇಲೂ ನರ್ಸೇ, ಇಲ್ಲೂ ನರ್ಸೇ.

ಇನ್ನೊಂದು ಮಾತು. ಅಕ್ಕ ನಿಮ್ಮ ಫೋಟೊ ಒರೆಸೋವಾಗ, ಬೇಗ ಬಂದ್ಬುಡ್ತೀನಿ ಕಣ್ರಿ ಅಂತ ಹೇಳ್ತಿದ್ದಳು ಮೊದಲು. ಇವತ್ತು ಹಾಗೆ ಹೇಳಲಿಲ್ಲ. ನಾನು ಬಾಗಿಲಲ್ಲಿ ನಿಂತು ಕದ್ದು ಕೇಳಿಸ್ಕೊಂಡೆ. "ತಡ ಆಯ್ತದೆ, ಕಾಯ್ತಿರಿ" ಅಂದಳು.

ಕೇಳಿಸ್ತಲ್ಲ? ಕಾಯ್ತಿರಿ. ಪಕ್ಕದ ಜಾಗಕ್ಕೆ ಟವಲ್ಲು ಹಾಕಿ ಕೂತಿರಬೇಡಿ. ಅವಳನ್ನ ಸದ್ಯಕ್ಕೆ ಕಳಿಸಲ್ಲ. ಮಾತ್ರೆ ಮುಗಿಯೋ ಮುಂಚೆ ಹೊಸ ಶೀಟು ತರೋ ಜವಾಬ್ದಾರಿ ನಂದು.

ಈಗ ತಕೊಳ್ಳಿ, ಶರಣು.

ನಿಮ್ಮ ಮಾತು ಯಾವತ್ತೂ ಕೇಳದ, ಇನ್ನು ಮೇಲೂ ಕೇಳದ ಭಾಮೈದ,
ಗುರುಮಲ್ಲಪ್ಪ, ಹೊನ್ನೂರು